ಕೈಗುಣದವಳಿಗೆ ಗೃಹಸಾಲ

ಕಳೆದ ಸೋಮವಾರ ಪಾವಗಡದ ಬಸ್ಸಿನಲ್ಲಿ ಒಬ್ಬ ಹೆಂಗಸು ನನ್ನನ್ನು ಕೇಳದೆಯೇ ನನ್ನ ಕಾಲ ಮೇಲೆ ಹೂವಿನ ಬುಟ್ಟಿ ಇಟ್ಟಳು. ಇಟ್ಟ ಮೇಲೆ, "ಏಮಮ್ಮಾ, ಕಾಲು ವಸಿ ಜರುಗ್ಸು, ಮಿಡಿಗೇಶಿಲಿ ಇಳ್ಕೊಂಬುಡ್ತೀನಿ" ಎಂದಳು. ನಾನು ಜರುಗಿಸಿದೆ. ನನ್ನ ಮಡಿಲಲ್ಲೂ ಒಂದು ಚೀಲವಿತ್ತು. ಅದರಲ್ಲಿ ಹಳ್ಳಿಗಳ ಕುಡಿಯುವ ನೀರು ತುಂಬಿಕೊಂಡು ಬರಲು ಒಯ್ಯುತ್ತಿದ್ದ ಖಾಲಿ ಬಾಟಲಿಗಳು. ನೀರಿನಲ್ಲಿ ಏನೇನು ಎಷ್ಟೆಷ್ಟಿದೆ ಎಂದು ಅಳೆಯುವುದು ನನ್ನ ಕೆಲಸ.

ಬುಟ್ಟಿಯ ಮೇಲೆ ಒದ್ದೆ ಮಾಡಿದ ಹಳೆಯ ಪಂಚೆಯ ತುಂಡು ಹೊದಿಸಿತ್ತು. ಒಳಗೆ ಕನಕಾಂಬರ. ಕನಕಾಂಬರಕ್ಕೆ ವಾಸನೆ ಇಲ್ಲವೆಂಬುದು ನಿಮಗೂ ಗೊತ್ತು. ಆದರೆ ಒದ್ದೆ ಬಟ್ಟೆ, ಬಾಳೆನಾರು, ಹೂವಿನ ನಡುನಡುವೆ ಕಟ್ಟಿದ ಮರುಗ, ಈ ಮೂರೂ ಸೇರಿದರೆ ಒಂದು ವಾಸನೆ ಹುಟ್ಟುತ್ತದೆ. ನನ್ನ ಪಾಲಿಗೆ ಅದು ರಂಗತ್ತೆಯ ವಾಸನೆ. ಅವಳು ಅಪ್ಪನ ಅಕ್ಕ, ಶಿರಾದಲ್ಲಿ ಹೂವು ಮಾರುವವಳು. ಕೆಲವು ತಿಂಗಳ ಹಿಂದಿನವರೆಗೂ ಈ ವಾಸನೆ ಬಂದರೆ ನನಗೆ ಅವಳ ಮನೆಯ ಹಜಾರ ನೆನಪಾಗುತ್ತಿತ್ತು. ಈಗ ಬ್ಯಾಂಕು ನೆನಪಾಗುತ್ತದೆ. ಹೂವಿನ ವಾಸನೆಗೂ ಬ್ಯಾಂಕಿಗೂ ಏನು ಸಂಬಂಧವೆಂದು ಹೇಳಲು ಹೊರಟರೆ ಸ್ವಲ್ಪ ಸುತ್ತುಬಳಸಿ ಹೋಗಬೇಕಾಗುತ್ತದೆ. ಪಾವಗಡ ದೂರವಿದೆ, ಬಸ್ಸೂ ನಿಧಾನ. ನೀವೂ ಜೊತೆಗೆ ಬನ್ನಿ.

ಮಧುಗಿರಿಯಲ್ಲಿ, ಬೆಟ್ಟದ ಕಡೆಗೆ ಹೋಗುವ ಒಂದು ಬೀದಿಯಲ್ಲಿ, ಎರಡು ಕೋಣೆಯ ಮನೆಯೊಂದು ಮಾರಾಟಕ್ಕಿತ್ತು. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು, ಅಡುಗೆಮನೆಗೆ ಪೂರ್ವದ ಕಿಟಕಿ. ಅಂಥ ಹೆಚ್ಚಿನದೇನೂ ಅದರಲ್ಲಿರಲಿಲ್ಲ. ಆದರೆ ಮನೆ ತೋರಿಸಲು ಬಂದವರು ಕೋಣೆಯ ಬಾಗಿಲನ್ನು ಮುಚ್ಚಿ ಒಳಗಿನಿಂದ ಚಿಲಕ ಹಾಕಿ ತೋರಿಸಿದಾಗ, ಆ ಸಣ್ಣ ಸದ್ದಿಗೆ ನಾನು ಸೋತೆ. ನಾನು ಇಪ್ಪತ್ತೆಂಟು ವರ್ಷ ಬದುಕಿದ್ದು ಇತರರ ಮನೆಯಲ್ಲಿ ಇಲ್ಲವೇ ನಾಲ್ವರು ಮಲಗುವ ಹಾಸ್ಟೆಲ್ ಕೋಣೆಯಲ್ಲಿ. ಬಟ್ಟೆ ಬದಲಿಸಲು ಬಚ್ಚಲು, ಅಳಲು ಬಸ್ಸಿನ ಕಿಟಕಿ. ಒಂದು ಬಾಗಿಲು ನನ್ನದಾಗಬೇಕೆಂದು ಎಷ್ಟು ಆಸೆಯಿತ್ತು ಎಂಬುದು ಆ ಚಿಲಕದ ಸದ್ದು ಕೇಳುವವರೆಗೆ ನನಗೂ ಗೊತ್ತಿರಲಿಲ್ಲ.

ಮಾರುವವರು ಕಾಲೇಜು ಉಪನ್ಯಾಸಕರು, ವರ್ಗವಾಗಿ ಬೇರೆ ಊರಿಗೆ ಹೊರಟಿದ್ದರು. ನಾನು ಕೂಡಿಟ್ಟಿದ್ದ ಎರಡು ಲಕ್ಷವನ್ನು ಮುಂಗಡ ಕೊಟ್ಟು ಅಗ್ರಿಮೆಂಟ್ ಮಾಡಿಕೊಂಡೆ. ಉಳಿದದ್ದಕ್ಕೆ ಬ್ಯಾಂಕಿನ ಸಾಲ. ಮೂರು ತಿಂಗಳೊಳಗೆ ಪೂರ್ತಿ ಹಣ ಕೊಟ್ಟು ನೋಂದಣಿ ಮಾಡಿಸಿಕೊಳ್ಳದಿದ್ದರೆ ಮನೆಯೂ ಇಲ್ಲ, ಮುಂಗಡವೂ ಇಲ್ಲ ಎಂದು ಸ್ಟಾಂಪ್ ಪೇಪರಿನಲ್ಲಿ ಬರೆದಿತ್ತು. ನಾನು ನಿರಾತಂಕವಾಗಿ ಸಹಿ ಮಾಡಿದೆ. ಕಾಯಂ ನೌಕರಿ, ಸಂಬಳದ ಚೀಟಿ, ಜನ್ಮದಲ್ಲಿ ಒಂದು ಸಾಲ ಮಾಡದವಳು. ನನ್ನಂಥವಳಿಗೆ ಕೊಡದೆ ಬ್ಯಾಂಕು ಇನ್ನಾರಿಗೆ ಕೊಟ್ಟೀತು?

ಸಾಲದ ವಿಭಾಗದ ಅಧಿಕಾರಿ ನನಗಿಂತ ಒಂದೆರಡು ವರ್ಷ ದೊಡ್ಡವರಿರಬಹುದು. ಬಹಳ ಮರ್ಯಾದಸ್ಥರು. ಕಂಪ್ಯೂಟರಿನಲ್ಲಿ ಏನೋ ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

"ಮೇಡಂ, ಈ ಮುಂಚೆ ಸಾಲ ಏನಾದ್ರೂ ತಗೊಂಡಿದ್ರಾ?"

"ಇಲ್ಲ."

"ಸಣ್ಣದು? ಕಂತಿನ ಮೇಲೆ ವಸ್ತು ಗಿಸ್ತು?"

"ಇಲ್ಲ ಸರ್. ನಾನು ಸೈಕಲ್ ಕೂಡ ಕಂತಿನಲ್ಲಿ ತಗೊಂಡಿಲ್ಲ."

ಅವರು ಪರದೆಯನ್ನು ನನ್ನ ಕಡೆಗೆ ತಿರುಗಿಸಿದರು. ನನ್ನ ಹೆಸರು, ನನ್ನ ಹುಟ್ಟಿದ ದಿನ, ನನ್ನ ಪ್ಯಾನ್ ಸಂಖ್ಯೆ. ಅದರ ಕೆಳಗೆ ಐದು ಸಾಲ. ನಾಲ್ಕು ಸರಿಯಾಗಿ ತೀರಿದ್ದವು. ಐದನೆಯದರ ಎದುರಿಗೆ ಕೆಂಪಕ್ಷರದಲ್ಲಿ, ವಸೂಲಾಗದೆ ಕೈಬಿಟ್ಟ ಸಾಲ ಎಂದಿತ್ತು. ಮೇಲೆ ಸಾಲಗಾರರ ಯೋಗ್ಯತೆಯ ಅಂಕ ತೋರಿಸುವ ಒಂದು ಅರ್ಧಚಂದ್ರಾಕೃತಿ, ಅದರೊಳಗೊಂದು ಮುಳ್ಳು. ಮುಳ್ಳು ಎಡಕ್ಕೆ ಬಿದ್ದುಕೊಂಡಿತ್ತು. ಪ್ರಯೋಗಾಲಯದಲ್ಲಿ ಅಂಥ ಮುಳ್ಳುಗಳನ್ನು ದಿನವೂ ನೋಡುವವಳು ನಾನು. ಎಡಕ್ಕೆ ಬಿದ್ದಿದ್ದರೆ ಯಂತ್ರ ಕೆಟ್ಟಿದೆ ಎಂದು ಮೊದಲು ಅನುಮಾನಿಸುತ್ತೇವೆ.

"ಇದು ಯಾರದೋ ಇರಬೇಕು ಸರ್," ಎಂದೆ.

"ಎಲ್ರೂ ಮೊದ್ಲು ಹಂಗೇ ಅಂತಾರೆ ಮೇಡಂ," ಎಂದರು, ಬೇಸರವಿಲ್ಲದೆ. "ವಿಳಾಸ ನೋಡಿ."

ವಿಳಾಸ ಶಿರಾದ್ದು. ರಂಗತ್ತೆಯ ಮನೆಯದು.

ನಾನು ಅವರಿಗೆ ಹೇಳಿದ್ದು ಸುಳ್ಳಲ್ಲ. ಇದನ್ನು ನೀವು ನಂಬಬೇಕು. ಸಾಲ ಮಾಡಿದ ನೆನಪು ನನಗೆ ನಿಜವಾಗಿಯೂ ಇರಲಿಲ್ಲ. ಅದನ್ನು ನಾವು ಯಾರೂ ಸಾಲವೆಂದು ಕರೆದಿರಲಿಲ್ಲ. ಅದಕ್ಕೆ ಬೇರೆ ಹೆಸರಿತ್ತು.

ನನಗೆ ಕೈಗುಣವಿದೆ ಎಂದು ಆ ಬೀದಿಯವರ ನಂಬಿಕೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಅಂಗನವಾಡಿ ಕೆಲಸಕ್ಕೆ ಹಳ್ಳಿಯಲ್ಲೇ ಉಳಿದಳು, ನಾನು ಪಿಯುಸಿಗೆಂದು ಅತ್ತೆಯ ಮನೆಗೆ ಬಂದೆ. ಬಂದ ಮರುದಿನ ಬೆಳಿಗ್ಗೆ ಕಾಲೇಜಿಗೆ ಹೊರಟಾಗ ಅತ್ತೆ ಬಸ್ ನಿಲ್ದಾಣದ ಬಳಿ ಹೂವು ಹರಡಿಕೊಂಡು ಕೂತಿದ್ದಳು. "ಬಾರೇ ಇಲ್ಲಿ, ಬೋಣಿ ಮಾಡ್ಬುಟ್ಟು ಹೋಗು," ಎಂದು ತನ್ನ ಸೊಂಟದ ಚೀಲದಿಂದಲೇ ಒಂದು ರೂಪಾಯಿ ತೆಗೆದು ನನ್ನ ಕೈಗಿಟ್ಟಳು. ಅದನ್ನೇ ನಾನು ಅವಳಿಗೆ ವಾಪಸು ಕೊಟ್ಟು ಒಂದು ಮೊಳ ಹೂವು ತೆಗೆದುಕೊಂಡೆ. ಅಂದು ಯಾವುದೋ ಮದುವೆಯವರು ಬಂದು ಇಡೀ ಬುಟ್ಟಿಯನ್ನು ಒಂದೇ ಏಟಿಗೆ ಕೊಂಡರಂತೆ. ಅಲ್ಲಿಂದ ಮುಂದೆ ಐದು ವರ್ಷ, ಪ್ರತಿ ಬೆಳಿಗ್ಗೆ ಅದೇ ವ್ಯಾಪಾರ. ನಾನು ಹೂವು ಮುಡಿಯುವವಳಲ್ಲ. ಆ ಮೊಳವನ್ನು ಪುಸ್ತಕದ ಚೀಲದಲ್ಲಿ ಹಾಕಿಕೊಂಡು ಹೋಗುತ್ತಿದ್ದೆ. ನನ್ನ ಭೌತಶಾಸ್ತ್ರದ ನೋಟ್ಸಿನಲ್ಲೆಲ್ಲ ಕೇಸರಿ ಕಲೆ.

ಎದುರು ಮನೆಯ ಜುಬೇದಾ ಆಂಟಿ ಬಟ್ಟೆ ಹೊಲಿಯುವವರು. ಅವರು ಹೊಲಿಗೆ ಶುರು ಮಾಡಿದಾಗ ಅತ್ತೆ ನನ್ನನ್ನು ಎಳೆದುಕೊಂಡು ಹೋಗಿ ಮೊದಲ ಬಟ್ಟೆ ನನ್ನ ಕೈಯಿಂದ ಕೊಡಿಸಿದಳು. ಹದಿನೈದೇ ದಿನದಲ್ಲಿ ಅವರಿಗೆ ಊಟಕ್ಕೂ ಪುರುಸೊತ್ತಿಲ್ಲದಷ್ಟು ಹೊಲಿಗೆ ಬಂತು. ಅದು ರಂಜಾನಿನ ತಿಂಗಳು, ಬರದೆ ಏನು ಮಾಡೀತು? ನಾನು ಇದನ್ನು ಅತ್ತೆಗೆ ಹೇಳಿಯೂ ಹೇಳಿದೆ.

"ರಂಜಾನು ವರ್ಸಾವರ್ಸ ಬತ್ತದೆ ಕಣಮ್ಮ," ಎಂದಳು ಅತ್ತೆ. "ಹೋದ್ ವರ್ಸ ಯಾಕ್ ಬರ್ಲಿಲ್ಲ ಗಿರಾಕಿ?"

"ಹೋದ ವರ್ಷ ಅವರು ಹೊಲಿತಾನೇ ಇರ್ಲಿಲ್ಲ ಅತ್ತೆ."

"ಅದೇ ಮತ್ತೆ! ನೀನ್ ಕೈ ಇಟ್ ಮ್ಯಾಲೆ ತಾನೆ ಹೊಲಿಯಾಕ್ ಶುರು ಮಾಡಿದ್ದು?"

ಇಂಥ ತರ್ಕದ ಎದುರು ವಿಜ್ಞಾನ ಓದುವವರು ಏನು ಮಾಡಬೇಕೆಂದು ನಮಗೆ ಯಾರೂ ಪಾಠ ಮಾಡಿರಲಿಲ್ಲ. ಮತ್ತೆ, ನಿಜ ಹೇಳಬೇಕೆಂದರೆ, ನನಗೆ ಖುಷಿಯೂ ಇತ್ತು. ತಂದೆಯಿಲ್ಲದ ಹುಡುಗಿ, ಮಾತು ಕಡಿಮೆ, ಇನ್ನೊಬ್ಬರ ಮನೆಯಲ್ಲಿ ಅನ್ನ. ಅಂಥವಳ ಕೈಗಾಗಿ ಒಂದು ಬೀದಿ ಕಾಯುತ್ತದೆ ಎಂದರೆ ಯಾರು ಬೇಡವೆನ್ನುತ್ತಾರೆ?

ಹದಿನೆಂಟು ತುಂಬಿದಾಗ ವಿದ್ಯಾರ್ಥಿವೇತನಕ್ಕೆಂದು ಬ್ಯಾಂಕ್ ಖಾತೆ, ಪ್ಯಾನ್ ಕಾರ್ಡ್ ಎರಡೂ ಮಾಡಿಸಿದೆ. ಆ ಬೀದಿಯಲ್ಲಿ ಪ್ಯಾನ್ ಕಾರ್ಡ್ ಇದ್ದವರೇ ಇಬ್ಬರೋ ಮೂವರೋ. ಆಗ ಊರಿನಲ್ಲಿ ಹೊಸದಾಗಿ ಒಂದು ಅಂಗಡಿ ಬಂದಿತ್ತು. ಬರಿಗೈಯಲ್ಲಿ ಹೋಗಿ ಟಿ.ವಿ. ಹೊತ್ತುಕೊಂಡು ಬರಬಹುದು, ಆಮೇಲೆ ತಿಂಗಳು ತಿಂಗಳು ಕಟ್ಟಬಹುದು. ಜುಬೇದಾ ಆಂಟಿಗೆ ಮೋಟಾರಿನ ಹೊಲಿಗೆ ಯಂತ್ರ ಬೇಕಿತ್ತು.

"ಇವಳ ಕೈಲೇ ತಗೊಳವಾ," ಎಂದಳು ಅತ್ತೆ. "ನಿನ್ ಕೈಲಿ ಬಂದ್ರೆ ವಸ್ತು ಬಾಳಿಕೆ ಬತ್ತದೆ ಮಗ. ಸುಮ್ಕೆ ಒಂದ್ ಸೈನ್ ಹಾಕ್ಬುಡು."

ಅಂಗಡಿಯವರು ನೀಲಿ ಗೋಡೆಯ ಮುಂದೆ ನನ್ನನ್ನು ನಿಲ್ಲಿಸಿ ಫೋಟೊ ತೆಗೆದರು. ಫೋನಿಗೆ ಬಂದ ಸಂಖ್ಯೆ ಹೇಳಿದೆ. ನಾಲ್ಕು ಪುಟಕ್ಕೆ ಸಹಿ ಹಾಕಿದೆ. ಒಂದನ್ನೂ ಓದಲಿಲ್ಲ. ಪೂಜೆಯಲ್ಲಿ ತೆಂಗಿನಕಾಯಿ ಮುಟ್ಟಿ ಕೊಡುವಾಗ ಯಾರಾದರೂ ಕಾಯನ್ನು ಓದುತ್ತಾರೆಯೇ? ನಾನು ಮಾಡುತ್ತಿದ್ದದ್ದು ಅದೇ ಎಂದು ನನ್ನ ಭಾವನೆ. ಯಂತ್ರ ಬಂತು. ಆಮೇಲೆ ಪಕ್ಕದ ಮನೆಯವರ ಟಿ.ವಿ., ಇನ್ನಿಬ್ಬರ ಫೋನು. ಪ್ರತಿ ಸಲವೂ ಅದೇ ನೀಲಿ ಗೋಡೆ, ಪ್ರತಿ ಫೋಟೊದಲ್ಲೂ ನನ್ನದು ಅದೇ ಮುಖ. ಕೊನೆಗೆ ಬಂದದ್ದು ಅತ್ತೆಯ ಫ್ರಿಜ್. ಸಂಜೆ ಉಳಿದ ಹೂವು ಬೆಳಿಗ್ಗೆಯವರೆಗೆ ಬಾಡದೆ ಇರಲಿ ಎಂದು.

ಕಂತಿನ ಹಣವನ್ನು ಬೀದಿಯವರು ಅತ್ತೆಗೆ ಕೊಡುತ್ತಿದ್ದರು. ಅತ್ತೆ ತನ್ನದನ್ನೂ ಸೇರಿಸಿ ತಿಂಗಳ ಮೊದಲಿಗೆ ಒಂದೇ ಕಟ್ಟು ಮಾಡಿ ನನಗೆ ಕೊಡುತ್ತಿದ್ದಳು. ಕಾಲೇಜಿಗೆ ಹೋಗುವಾಗ ನಾನು ಅದನ್ನು ಖಾತೆಗೆ ತುಂಬುತ್ತಿದ್ದೆ. ಯಾರದೆಷ್ಟು ಎಂದು ಕೇಳಲಿಲ್ಲ. ಇತರರ ಹಣದ ವಿಷಯ ಕೇಳುವುದು ಒರಟುತನವೆಂದು ನನ್ನ ಅಭಿಪ್ರಾಯವಾಗಿತ್ತು. ನನ್ನ ಅಭಿಪ್ರಾಯಗಳ ಬಗ್ಗೆ ನನಗೆ ಆಗ ತುಂಬ ಗೌರವವಿತ್ತು.

ಬ್ಯಾಂಕಿನಿಂದ ಹೊರಗೆ ಬಂದಾಗ ಅಗ್ರಿಮೆಂಟಿನ ಮೂರು ತಿಂಗಳಲ್ಲಿ ಐದು ವಾರ ಕಳೆದಿತ್ತು. ವರದಿಯಲ್ಲಿ ಸಾಲದ ಮೊತ್ತವಿತ್ತು, ವಸ್ತು ಯಾವುದೆಂದು ಇರಲಿಲ್ಲ. ಐದರಲ್ಲಿ ಯಾರ ವಸ್ತು ನನ್ನ ಬಾಗಿಲಿಗೆ ಅಡ್ಡ ನಿಂತಿದೆ? ಅದೇ ಶನಿವಾರ ಶಿರಾಕ್ಕೆ ಹೋದೆ. ದಾರಿಯುದ್ದಕ್ಕೂ ಜುಬೇದಾ ಆಂಟಿಯ ಮೇಲೆ ಅನುಮಾನಪಟ್ಟೆ ಎಂದು ಈಗ ಬರೆಯಲು ನಾಚಿಕೆಯಾಗುತ್ತದೆ. ಅವರ ಯಜಮಾನರಿಗೆ ಆ ವರ್ಷ ಹುಷಾರಿರಲಿಲ್ಲ, ಕಟ್ಟಲು ಆಗಿರಲಿಕ್ಕಿಲ್ಲ ಎಂದು ನಾನೇ ಕಾರಣವನ್ನೂ ಹುಡುಕಿ ಕೊಟ್ಟಿದ್ದೆ.

ಅತ್ತೆ ಇನ್ನೂ ಹೂವಿನಂಗಡಿಯಿಂದ ಬಂದಿರಲಿಲ್ಲ. ಆಂಟಿ ಯಂತ್ರದ ಮುಂದೆ ಕೂತಿದ್ದರು. ವಿಷಯ ಹೇಳಿದೆ, ಆದಷ್ಟು ಮೆತ್ತಗೆ.

"ನಮ್ದಾ? ಅರೆ ಬೇಟಿ!" ಆಂಟಿ ಪಾದ ಎತ್ತಿ ಯಂತ್ರವನ್ನು ನಿಲ್ಲಿಸಿದರು. "ನಮ್ದು ಎಲ್ಲಾ ಕಂತು ಕಟ್ಬುಟ್ಟಿದೀವಿ. ಹುಷಾರಿಲ್ದಾಗ ನನ್ ಬಳೆ ಇಟ್ಟು ಕಟ್ಟಿದೀನಿ. ನಿನ್ ಹೆಸರಲ್ಲಿ ಇರೋದು, ತಪ್ಪಿಸಿದ್ರೆ ಖುದಾ ಮೆಚ್ತಾನಾ?"

ಎದ್ದು ಹೋಗಿ ಬಿಸ್ಕತ್ತಿನ ಡಬ್ಬಿ ತಂದು ನನ್ನ ಮುಂದೆ ಸುರಿದರು. ದಾರದ ಉಂಡೆ, ಗುಂಡಿಗಳ ಜೊತೆ ಹದಿನೆಂಟು ಚೀಟಿಗಳು. ಪ್ರತಿ ತಿಂಗಳೂ ಅತ್ತೆಗೆ ಹಣ ಕೊಟ್ಟಾಗ ಅಳತೆ ಬರೆಯುವ ಪುಸ್ತಕದಿಂದ ಹರಿದ ಹಾಳೆಯಲ್ಲಿ ತಾರೀಕು ಬರೆದು ಅತ್ತೆಯ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರು. ನಾಲ್ಕು ಪುಟ ಓದದೆ ಸಹಿ ಹಾಕಿದವಳು ನಾನು. ಹಾಳೆ ಹರಿದು ಲೆಕ್ಕ ಇಟ್ಟವರು ಅವರು.

"ಆಂಟಿ, ತಪ್ಪು ತಿಳ್ಕೋಬೇಡಿ..."

"ಇಲ್ಲ ಬೇಟಿ. ಟಿ.ವಿ.ದು, ಫೋನ್‌ದು ಎಲ್ಲಾ ಮುಗ್ದದೆ, ನಂಗೆ ಗೊತ್ತು." ಮತ್ತೆ ಯಂತ್ರದ ಕಡೆ ತಿರುಗಿ, ದಾರ ಪೋಣಿಸುತ್ತಾ, ನನ್ನ ಮುಖ ನೋಡದೆ ಹೇಳಿದರು: "ಫ್ರಿಜ್ಜಿಂದು ನಿಮ್ ಅತ್ತೆನೇ ಕೇಳು. ನಾನ್ ಹೇಳ್ದೆ ಅನ್ಬೇಡ."

ಫ್ರಿಜ್ ಎಂದ ಕೂಡಲೇ ನನಗೆ ಇನ್ನೊಂದು ನೆನಪಾಯಿತು. ಎಂ.ಎಸ್ಸಿ. ಮೊದಲ ವರ್ಷದ ರಜೆಗೆ ತುಮಕೂರಿನಿಂದ ಬಂದಾಗ ಹಜಾರದಲ್ಲಿ ಫ್ರಿಜ್ ಇರಲಿಲ್ಲ. ಅದು ನಿಂತಿದ್ದ ಜಾಗದಲ್ಲಿ ನೆಲ ಮಾತ್ರ ಬೇರೆ ಬಣ್ಣ. ಎಲ್ಲಿ ಎಂದು ಕೇಳಿದ್ದಕ್ಕೆ ಅತ್ತೆ, "ಫ್ರಿಜ್ಜಲ್ಲಿಟ್ರೆ ಹೂವು ಸೊರಗ್ತಾವೆ, ಮಾರ್ಬುಟ್ಟೆ" ಎಂದಿದ್ದಳು. ನಾನು ಒಪ್ಪಿಬಿಟ್ಟೆ. ಒಪ್ಪಿದ್ದಷ್ಟೇ ಅಲ್ಲ, ಒಣ ತಂಪಿನಲ್ಲಿ ಹೂವಿನ ಎಸಳಿನಿಂದ ತೇವ ಹೇಗೆ ಹೊರಟು ಹೋಗುತ್ತದೆ ಎಂದು ಹತ್ತು ನಿಮಿಷ ಅವಳಿಗೆ ವಿವರಿಸಿದೆ. ಅವಳು ಹೂವು ಕಟ್ಟುತ್ತಾ ಪೂರ್ತಿ ಕೇಳಿಸಿಕೊಂಡಳು. "ಅಂಗಾ?" ಎಂದು ನಡುವೆ ಒಮ್ಮೆ ಅಂದಳು ಕೂಡ.

ಸಂಜೆ ಅತ್ತೆ ಬಂದಳು. ಕಾಲು ತೊಳೆದು, ಉಳಿದ ಹೂವಿನ ಮೇಲೆ ನೀರು ಚಿಮುಕಿಸಿ, ಒದ್ದೆ ಬಟ್ಟೆ ಮುಚ್ಚಿ ಕೂತಳು. ನಾನು ವರದಿಯ ಹಾಳೆಯನ್ನು ಮಡಿಲಲ್ಲಿಟ್ಟುಕೊಂಡು ಮನೆಯ ವಿಷಯ, ಮುಂಗಡದ ವಿಷಯ, ಬ್ಯಾಂಕಿನ ವಿಷಯ ಎಲ್ಲವನ್ನೂ ಹೇಳಿದೆ.

"ಫ್ರಿಜ್ಜಿನ ಕಂತು ನಿಂತುಹೋಗಿದೆಯಂತೆ ಅತ್ತೆ."

"ಕಳಿಸ್ತಾ ಇದ್ನಲ್ಲಮ್ಮ ನಿಂಗೆ."

"ಯಾವಾಗ?"

"ನೀನ್ ತುಮ್ಕೂರಲ್ಲಿದ್ದಾಗ. ತಿಂಗ್ಳು ತಿಂಗ್ಳು, ನಾಕನೇ ತಾರೀಕು. ಜುಬೇದನ ಮಗಳ ಫೋನಲ್ಲಿ."

ಸಾವಿರದ ಇನ್ನೂರೈವತ್ತು ರೂಪಾಯಿ. ಬರುತ್ತಿತ್ತು. ಹಾಸ್ಟೆಲಿಗೆ ಸೇರಿದ ಮೇಲೆ ತೆರೆದ ಹೊಸ ಖಾತೆಗೆ, ಎಂಟು ತಿಂಗಳು, ಒಂದು ಸಲವೂ ತಪ್ಪದೆ. ಅತ್ತೆ ನನ್ನ ಕೈಖರ್ಚಿಗೆ ಕಳಿಸುತ್ತಿದ್ದಾಳೆ ಎಂದುಕೊಂಡಿದ್ದೆ. ಮೆಸ್ಸಿಗೆ ಕಟ್ಟಿದೆ, ಜೆರಾಕ್ಸ್ ಮಾಡಿಸಿದೆ, ಒಂದು ಜೊತೆ ಶೂ ತೆಗೆದುಕೊಂಡೆ. ಕಂತು ಕಡಿತವಾಗುವ ಹಳೆಯ ಖಾತೆ ಶಿರಾದಲ್ಲಿ ಖಾಲಿ ಬಿದ್ದಿತ್ತು. ಹಳೆಯ ಫೋನ್ ಸಂಖ್ಯೆಯನ್ನೂ ಬಿಟ್ಟಿದ್ದರಿಂದ ಒಂದು ಸಂದೇಶವೂ ನನ್ನನ್ನು ತಲುಪಲಿಲ್ಲ. ಎಲ್ಲವನ್ನೂ ಅಳೆದು ನೋಡುವ ನನಗೆ, ವಾತ್ಸಲ್ಯಕ್ಕೆ ಸಾವಿರದ ಇನ್ನೂರೈವತ್ತು ಎಂಬ ಲೆಕ್ಕ ಯಾಕೆ, ಸಾವಿರವೋ ಐನೂರೋ ಯಾಕಲ್ಲ ಎಂದು ಒಮ್ಮೆಯೂ ಅನ್ನಿಸಲಿಲ್ಲ.

"ಅದು ನನಗೆ ಅಂತ ತಿಳ್ಕೊಂಡಿದ್ದೆ ಅತ್ತೆ," ಎಂದೆ.

"ನಿಂಗೆ ಅಂತನಾ?" ಅತ್ತೆ ಕಟ್ಟುತ್ತಿದ್ದ ದಂಡೆಯನ್ನು ಮಡಿಲಿಗೆ ಹಾಕಿಕೊಂಡು ನನ್ನನ್ನೇ ನೋಡಿದಳು. "ಗೊತ್ತಿಲ್ದಲೇ ಖರ್ಚು ಮಾಡಿದ್ದಾ ನೀನು?"

"ಮತ್ತೆ ನೀನು ಏನಂದ್ಕೊಂಡೆ?"

"ವಸೂಲಿಯೋನು ಬಂದು ಎಂಟ್ ತಿಂಗ್ಳಿಂದ ಕಟ್ಟಿಲ್ಲ ಅಂದ. ನಾನಂದ್ಕಂಡೆ, ಮಗ ಅಲ್ಲಿ ಏನ್ ಕಷ್ಟದಲ್ಲೈತೋ, ಕಂತಿನ್ ದುಡ್ಡು ಎತ್ಕಂಡೈತೆ ಅಂತ."

"ಕೇಳ್ಬಾರ್ದಿತ್ತಾ?"

"ಏನಂತ ಕೇಳದು? ಕೇಳಿದ್ರೆ ನೀನು ಉಣ್ಣದ್ ಬುಟ್ಟು ಕಟ್ಟೋಳು. ನಿನ್ನ ನಾ ಕಾಣ್ನಾ?" ಅತ್ತೆ ಮತ್ತೆ ಹೂವಿಗೆ ಕೈ ಹಾಕಿದಳು. "ಅವ್ನು ನಿನ್ ಫೋನ್ ನಂಬರ್ ಕೊಡಿ ಅಂತ ಕುಂತ. ಓದೋ ಹುಡ್ಗಿ ತಂಟೆಗೆ ಹೋಗ್ಬೇಡ, ಫ್ರಿಜ್ ಎತ್ಕಂಡೋಗು ಅಂದೆ. ಎತ್ಕಂಡೋದ. ಅಲ್ಲಿಗ್ ಮುಗೀತು ಅಂದ್ಕಂಡಿದ್ನಲ್ಲಪ್ಪ."

ಮುಗಿದಿರಲಿಲ್ಲ. ಹೊತ್ತುಕೊಂಡು ಹೋದವನು ಒಂದು ಚೀಟಿಯನ್ನೂ ಕೊಟ್ಟಿರಲಿಲ್ಲ.

ಅವಳು ಇಷ್ಟು ವರ್ಷ ನಾನು ಅವಳ ಹಣ ಎತ್ತಿಕೊಂಡವಳೆಂದೇ ನಂಬಿದ್ದಳು. ನಂಬಿಯೂ, ಹಬ್ಬಕ್ಕೆ ಹೋದಾಗಲೆಲ್ಲ ಹೋಳಿಗೆಗೆ ಒಂದು ಚಮಚ ತುಪ್ಪ ಜಾಸ್ತಿ ಹಾಕಿದ್ದಳು. ಫ್ರಿಜ್ ಹೋದ ಮೇಲೆ ಸಂಜೆ ಉಳಿದ ಹೂವನ್ನು ಅರ್ಧ ಬೆಲೆಗೆ ಮಾರಿ, ಮಾರಾಟವಾಗದೆ ಉಳಿದದ್ದನ್ನು ಹಸುವಿಗೆ ಹಾಕಿದ್ದಳು. ನಾನಾದರೋ ಅವಳು ನನಗೆ ಹಣ ಕಳಿಸುವಷ್ಟು ಪ್ರೀತಿಸುತ್ತಾಳೆ ಎಂದು ನಂಬಿದ್ದೆ. ನಂಬಿಯೂ ಒಂದು ಸಲ ಫೋನ್ ಮಾಡಿ, ಹಣ ಬಂತು ಅತ್ತೆ, ಉಪಕಾರವಾಯಿತು ಎಂದು ಹೇಳಿರಲಿಲ್ಲ. ಹೇಳಿದ್ದರೆ ಎರಡನೇ ತಿಂಗಳಲ್ಲೇ ಎಲ್ಲ ಬಯಲಾಗುತ್ತಿತ್ತು. ಉಪಕಾರದ ಮಾತನ್ನು ಬಾಯಿಬಿಟ್ಟು ಹೇಳುವುದು ನಮ್ಮ ಮನೆಯಲ್ಲಿ ರೂಢಿಯಲ್ಲ. ನನ್ನ ಸ್ವಭಾವದಲ್ಲಂತೂ ಮೊದಲೇ ಇಲ್ಲ. ಇಬ್ಬರಲ್ಲಿ ಯಾರ ತಪ್ಪು ದೊಡ್ಡದು ಎಂದು ಅಂದಿನಿಂದ ಎಷ್ಟೋ ಸಲ ತೂಗಿ ನೋಡಿದ್ದೇನೆ. ತಕ್ಕಡಿ ನಿಲ್ಲುವುದಿಲ್ಲ.

ಮುಂದಿನದು ಕಾಗದದ ಕೆಲಸ, ಅಂದರೆ ನನಗೆ ಬರುವ ಕೆಲಸ ಎಂದುಕೊಂಡೆ. ಅದೂ ತಪ್ಪಾಯಿತು. ಸಾಲ ಕೊಟ್ಟ ಕಂಪನಿಗೆ ಫೋನ್ ಮಾಡಿದರೆ, ದಂಡ ಬಡ್ಡಿ ಎಲ್ಲ ಸೇರಿ ಇಪ್ಪತ್ತಾರು ಸಾವಿರ ಆಗಿದೆ, ಹದಿಮೂರು ಕೊಟ್ಟರೆ ಸಾಕು, ಇವತ್ತೇ ಮುಗಿಸಿಬಿಡೋಣ ಎಂದರು. ನನಗೆ ಸಂತೋಷವಾಯಿತು. ಬ್ಯಾಂಕಿನ ಅಧಿಕಾರಿಗೆ ಹೇಳಿದೆ. ಅವರು ಕುರ್ಚಿಯಿಂದ ಅರ್ಧ ಎದ್ದರು.

"ಬೇಡ ಮೇಡಂ, ಬೇಡ! ಅರ್ಧ ಕಟ್ಟಿದ್ರೆ ರಾಜಿ ಮಾಡ್ಕೊಂಡ ಸಾಲ ಅಂತ ಬೀಳುತ್ತೆ. ಅದು ಇದಕ್ಕಿಂತ ಏನೂ ಒಳ್ಳೇದಲ್ಲ. ಪೂರ್ತಿ ಕಟ್ಟಿ, ಬಾಕಿ ಇಲ್ಲ ಅಂತ ಪತ್ರ ತಗೊಳ್ಳಿ."

"ಕಡಿಮೆ ತಗೊಳ್ಳೋಕೆ ಅವರೇ ಒಪ್ಪಿದಾರೆ ಸರ್."

"ಅವರು ಒಪ್ತಾರೆ ಮೇಡಂ. ನಾವು ಒಪ್ಪಲ್ಲ."

ಕಡಿಮೆ ಕೊಟ್ಟರೆ ಹೆಚ್ಚು ಕಳೆದುಕೊಳ್ಳುತ್ತೇನೆ ಎಂಬುದನ್ನು ಅರ್ಥ ಮಾಡಿಕೊಳ್ಳಲು ನನಗೆ ಎರಡು ದಿನ ಬೇಕಾಯಿತು. ಇನ್ನೂ ಪೂರ್ತಿ ಅರ್ಥವಾಗಿದೆ ಎಂದು ಹೇಳಲಾರೆ. ಇಪ್ಪತ್ತಾರು ಸಾವಿರ ಕಟ್ಟಿ, ತುಮಕೂರಿಗೆ ಮೂರು ಸಲ ಅಲೆದು ಪತ್ರ ತಂದೆ. ವರದಿ ಬದಲಾಗಲು ಮತ್ತೆ ಒಂದೂವರೆ ತಿಂಗಳು ಬೇಕಂತೆ. ಮನೆ ಮಾರುವವರಿಗೆ ಇನ್ನೊಬ್ಬರು ಗಿರಾಕಿ ಸಿಕ್ಕಿದ್ದರು. "ತಾರೀಕು ದಾಟಿದ್ರೆ ನನ್ನನ್ನ ಅನ್ಬೇಡಮ್ಮ" ಎಂದು ಅವರು ಒಳ್ಳೆಯ ಮಾತಿನಲ್ಲೇ ಹೇಳಿದ್ದರು. ಆ ದಿನಗಳಲ್ಲಿ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಬೇಕೆಂದೇ ಆ ಬೀದಿಯನ್ನು ಬಿಟ್ಟು ಸುತ್ತಿಕೊಂಡು ಹೋಗುತ್ತಿದ್ದೆ.

ಅಧಿಕಾರಿ ಒಂದು ಉಪಾಯ ಹೇಳಿದರು. ಸಾಲ ಯಾಕೆ ತಪ್ಪಿತು ಎಂದು ನಾನು ಒಂದು ವಿವರಣೆ ಬರೆದುಕೊಟ್ಟರೆ, ಬಾಕಿಯಿಲ್ಲದ ಪತ್ರದೊಂದಿಗೆ ಅದನ್ನು ಮೇಲಿನ ಕಚೇರಿಗೆ ಕಳಿಸಿ ವಿಶೇಷವಾಗಿ ಪರಿಗಣಿಸಲು ಕೇಳಬಹುದು. ನಾನು ಆ ವಾರವಿಡೀ ಬರೆದೆ. ಕೈಗುಣದಿಂದ ಶುರು ಮಾಡಿ ಎರಡೂವರೆ ಪುಟ. "ಹಣವು ಪ್ರತಿ ತಿಂಗಳೂ ನನ್ನನ್ನು ತಲುಪಿದೆ. ಅದು ಕಂತಿನ ಹಣವೆಂದು ನನಗೆ ತಿಳಿದಿರಲಿಲ್ಲ. ನನಗೆ ತಿಳಿದಿಲ್ಲವೆಂದು ಕಳಿಸಿದವರಿಗೆ ತಿಳಿದಿರಲಿಲ್ಲ." ಒಂದು ಅಕ್ಷರವೂ ಸುಳ್ಳಿರಲಿಲ್ಲ.

ಅಧಿಕಾರಿ ಅದನ್ನು ಓದಿದರು. ಹಿಂದಿನ ಪುಟಕ್ಕೆ ಹೋಗಿ ಮತ್ತೆ ಓದಿದರು.

"ಮೇಡಂ, ಇದು ನಿಜಾನಾ?"

"ಹೌದು ಸರ್."

"ನಿಜ ಇರ್ಬೋದು. ಆದ್ರೆ ಇದನ್ನ ಕಳಿಸಿದ್ರೆ ಮೇಲಿನೋರು, ಈಯಮ್ಮಂಗೆ ಮನೆ ಸಾಲ ಕೊಟ್ರೆ ತನ್ನ ಹೆಸರಲ್ಲಿ ಇನ್ಯಾರ್ಯಾರಿಗೆ ಏನೇನು ತೆಗೆಸಿಕೊಟ್ಟು ಬಿಡ್ತಾಳೋ ಅಂತ ಗಾಬರಿ ಬೀಳ್ತಾರೆ." ಒಂದು ಬಿಳಿ ಹಾಳೆ ಮುಂದೆ ತಳ್ಳಿದರು. "ವ್ಯಾಸಂಗಕ್ಕೆ ಬೇರೆ ಊರಿಗೆ ಹೋಗಿದ್ರಿಂದ ವಿಳಾಸ, ಫೋನ್ ನಂಬರ್ ಬದಲಾಗಿ ಕಂತು ತಪ್ಪಿತು ಅಂತ ಬರೀರಿ. ಇದೂ ಸುಳ್ಳಲ್ಲ ತಾನೆ?"

ಸುಳ್ಳಲ್ಲ. ನಾಲ್ಕು ಸಾಲಿನಲ್ಲಿ ಬರೆದು ಸಹಿ ಹಾಕಿದೆ. ಅತ್ತೆ, ಹೂವು, ಜುಬೇದಾ ಆಂಟಿಯ ಬಳೆ, ಯಾವುದೂ ಅದರಲ್ಲಿರಲಿಲ್ಲ. ನನ್ನ ಮನೆಯ ಮಾತು ಹೊರಗೆ ಹೋಗಲಿಲ್ಲವೆಂದು ನೆಮ್ಮದಿಯಾಯಿತು. ಅದೇ ಹೊತ್ತಿಗೆ ಯಾರನ್ನೋ ಬಾಗಿಲ ಹೊರಗೆ ನಿಲ್ಲಿಸಿ ಒಳಗೆ ಬಂದ ಹಾಗೆಯೂ ಆಯಿತು. ಎರಡೂ ಒಟ್ಟಿಗೆ ಹೇಗೆ ಆಗುತ್ತವೆ ಎಂದು ಕೇಳಬೇಡಿ.

ಅಗ್ರಿಮೆಂಟಿನ ಅವಧಿ ಮುಗಿಯಲು ನಾಲ್ಕು ದಿನವಿದ್ದಾಗ ಸಾಲ ಮಂಜೂರಾಯಿತು. ಬಡ್ಡಿ ಮಾತ್ರ ಅರ್ಧ ಪರ್ಸೆಂಟ್ ಹೆಚ್ಚು. ಆ ಮುಳ್ಳು ಎಡಕ್ಕೆ ಬಿದ್ದಿದ್ದರ ಬೆಲೆ. ನೋಂದಣಿ ಆಯಿತು, ಬೀಗದ ಕೈ ಬಂತು. ಅಮ್ಮ ಬಂದು ಹಾಲುಕ್ಕಿಸಿ ಹೋದಳು. ಅತ್ತೆ ಬರಲಿಲ್ಲ. ಕಾಲು ನೋವು ಎಂದಳು. ಬಡ್ಡಿಯ ವಿಷಯ ನಾನು ಅವಳಿಗೆ ಹೇಳಲಿಲ್ಲ. ಹೇಳಿದರೆ ನೊಂದುಕೊಳ್ಳುತ್ತಾಳೆ ಎಂದುಕೊಂಡೆ. ಹೊಸ ಮನೆಯಲ್ಲಿ ತಿಂಗಳು ಕಳೆಯಿತು. ಚಿಲಕ ಹಾಕಿಕೊಂಡು ಮಲಗುತ್ತಿದ್ದೆ. ಹಾಯಾಗಿತ್ತು ಎನ್ನಲು ಅಡ್ಡಿಯಿಲ್ಲ, ಆದರೆ ಹಾಯಾಗಿದ್ದೇನೆಯೇ ಎಂದು ದಿನಕ್ಕೆರಡು ಸಲ ನನ್ನನ್ನೇ ಕೇಳಿಕೊಳ್ಳುತ್ತಿದ್ದೆ.

ಸೋಮವಾರ ಬಸ್ಸಿನ ಹೆಂಗಸು ಮಿಡಿಗೇಶಿಯಲ್ಲಿ ಬುಟ್ಟಿ ಎತ್ತಿಕೊಂಡು ಇಳಿದು ಹೋದಳೋ ಇಲ್ಲವೋ, ನಾನು ಅತ್ತೆಗೆ ಫೋನ್ ಮಾಡಿದೆ. ಬಸ್ಸಿನಲ್ಲಿ ನಾಲ್ಕು ಜನರ ನಡುವೆ ಫೋನಿನಲ್ಲಿ ಮಾತನಾಡುವುದು ನನಗಾಗದ ಕೆಲಸ. ಆದರೂ ಮಾಡಿದೆ. "ಭಾನುವಾರ ಬಾ ಅತ್ತೆ. ಕಾಲು ನೋವಿದ್ದರೆ ನಾನೇ ಬಂದು ಕರ್ಕೊಂಡು ಬರ್ತೀನಿ."

"ಕಾಲಿಗೇನ್ ಆಗಿಲ್ಲ ಬುಡು," ಎಂದಳು.

ನಿನ್ನೆ ಮಧ್ಯಾಹ್ನ ಬಂದಳು. ಮನೆಯೆಲ್ಲ ಸುತ್ತಿ ನೋಡಿದಳು, ಒಗೆಯುವ ಕಲ್ಲಿನ ಮೇಲೆ ಅಂಗೈ ಇಟ್ಟು ನುಣುಪು ಪರೀಕ್ಷಿಸಿದಳು. ಊಟ ಮಾಡುವಾಗ, ತಟ್ಟೆ ನೋಡುತ್ತಲೇ ಕೇಳಿದಳು.

"ಬ್ಯಾಂಕ್ನೋರು ಏನಾರ ಜಾಸ್ತಿ ಕಿತ್ಕಂಡ್ರಾ, ಆ ಫ್ರಿಜ್ಜಿನ್ ದೆಸೆಯಿಂದ?"

ಇಲ್ಲ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. "ಹೌದು ಅತ್ತೆ. ಅರ್ಧ ಪರ್ಸೆಂಟ್ ಬಡ್ಡಿ ಜಾಸ್ತಿ ಹಾಕಿದಾರೆ."

ಅತ್ತೆಯ ಕೈ ನಿಂತಿತು. "ಅಂಗಂದ್ರೆ ಎಷ್ಟಾತದೆ?"

"ತಿಂಗಳಿಗೆ ನಾನೂರ ಐವತ್ನಾಲ್ಕು ರೂಪಾಯಿ. ಇಪ್ಪತ್ತು ವರ್ಷ."

ಅವಳು ಮನಸ್ಸಿನಲ್ಲೇ ಏನೋ ಎಣಿಸಿದಳು. ಮೊಳದ ಲೆಕ್ಕದಲ್ಲಿ ಎಣಿಸಿದಳೋ ಏನೋ, ತುಟಿ ಅಲುಗುತ್ತಿತ್ತು. ಆಮೇಲೆ ನನ್ನ ತಲೆಯ ಮೇಲೆ ಎಂಜಲು ಕೈಯಲ್ಲೇ ಒಂದು ಮೊಟಕಿದಳು.

"ತಿಂಗ್ಳಿಗೆ ನಾನೂರೈವತ್ತೇನೇ! ಲೇ, ನಾನು ಲಕ್ಸಗಟ್ಲೆ ಹೋಗೈತೆ ಅಂದ್ಕಂಡು, ನಿನ್ ಮಕ ಹೆಂಗ್ ನೋಡದು ಅಂತ ಹಾಲುಕ್ಸಕ್ಕೂ ಬರ್ಲಿಲ್ವಲ್ಲೇ. ಮೊದ್ಲೇ ಬಾಯ್ಬುಟ್ಟು ಹೇಳಕ್ಕೇನಾಗಿತ್ತು ನಿಂಗೆ?"

"ನೀನು ಕೇಳ್ಬಹುದಿತ್ತಲ್ಲ?"

"ನೀನ್ ಹೇಳ್ತೀಯ ಅಂತ ನಾನು."

"ನೀನು ಕೇಳ್ತೀಯ ಅಂತ ನಾನು."

ಅತ್ತೆಗೆ ನಗು ಬಂತು. ಅನ್ನ ನೆತ್ತಿಗೆ ಹತ್ತಿ ಕೆಮ್ಮು ಬಂತು. ನೀರು ಕೊಟ್ಟೆ. ಅರ್ಧ ತಾನು ಕೊಡುತ್ತೇನೆ ಎಂದಳು. ಬೇಡವೆಂದೆ. ಹಾಗಾದರೆ ಆ ಎಂಟು ತಿಂಗಳ ಹಣ ವಾಪಸು ಕೊಡು ಎಂದಳು. ಕೊಡುತ್ತೇನೆ ಎಂದೆ. "ತಮಾಸೆಗಂದೆ ಕಣೇ" ಎಂದಳು. ಅದು ಪೂರ್ತಿ ತಮಾಷೆಯೋ ಅಲ್ಲವೋ ನನಗೆ ತಿಳಿಯಲಿಲ್ಲ. ಹಾಗಾಗಿ ಕೇಳಿದೆ. "ನಿಜವಾಗ್ಲೂ ತಮಾಷೆನಾ ಅತ್ತೆ?" ಅವಳು ತಟ್ಟೆ ಬಳಿಯುತ್ತಾ, "ಒಂದು ಹಳೇ ಫ್ರಿಜ್ಜು ಸಿಕ್ಕಿದ್ರೆ ನೋಡು. ಕೈಯಾಗ್ ಕಾಸಿದ್ದಾಗ" ಎಂದಳು. ನಾನು ಅವಳ ಮನೆಗೆ ಬಂದಂದಿನಿಂದ ಈ ಹನ್ನೆರಡು ವರ್ಷದಲ್ಲಿ ಅವಳು ನನ್ನಿಂದ ಏನನ್ನಾದರೂ ಬೇಕೆಂದು ಕೇಳಿದ್ದು ಇದೇ ಮೊದಲು.

ಊಟದ ಮೇಲೆ ಅವಳು ನನ್ನ ಕೋಣೆಯಲ್ಲಿ ಬರಿನೆಲಕ್ಕೆ ಸೆರಗು ಹಾಸಿ ಮಲಗಿದಳು. ಬಾಗಿಲನ್ನು ಮುಚ್ಚಲೂ ಇಲ್ಲ. ಎರಡು ನಿಮಿಷಕ್ಕೆ ಗೊರಕೆ. ಪಾತ್ರೆ ತೊಳೆಯುವುದಿತ್ತು, ಸದ್ದಾದರೆ ಎಚ್ಚರವಾದೀತೆಂದು ಹಾಗೇ ಬಿಟ್ಟು ನಾನು ಹಜಾರದ ಗೋಡೆಗೊರಗಿ ಕೂತೆ. ಸಾಲ ನನ್ನದೋ ಅವಳದೋ, ಮನೆ ಯಾರ ಕೈಯಿಂದ ಬಂದದ್ದೋ, ಈಗಲೂ ನನಗೆ ಸ್ಪಷ್ಟವಿಲ್ಲ. ಐದೂವರೆಯ ಬಸ್ಸಿಗೆ ಅವಳನ್ನು ಎಬ್ಬಿಸಬೇಕಿತ್ತು. ಎಬ್ಬಿಸಲಿಲ್ಲ. ನಾಳೆ ಹೋಗಲಿ, ಎದ್ದ ಮೇಲೆ ಇವತ್ತು ಇಲ್ಲೇ ಇರ್ತೀಯಾ ಎಂದು ಬಾಯಿಬಿಟ್ಟು ಕೇಳಿಯೇ ಬಿಡೋಣ ಎಂದುಕೊಂಡೆ.